ಗ್ರೇನ್ ಒರೆಸಿದರೆ ಸಿನಿಮಾ ಚೊಕ್ಕಟ ಆಗುತ್ತಾ? ಹೋಮ್ ವಿಡಿಯೋ ಗುಣಮಟ್ಟದ ಜಗಳ ಏನು, ಯಾಕೆ?

2024ರ ಮಾರ್ಚ್‌ನಲ್ಲಿ ಜೇಮ್ಸ್ ಕ್ಯಾಮರೂನ್ ನಿರ್ದೇಶನದ ಮೂರು ಹಳೆಯ ಸಿನಿಮಾಗಳು 4ಕೆ ಡಿಸ್ಕ್‌ನಲ್ಲಿ ಬಂದವು: ‘ಏಲಿಯನ್ಸ್’ (1986), ‘ದಿ ಅಬಿಸ್’ (1989) ಮತ್ತು ‘ಟ್ರೂ ಲೈಸ್’ (1994). ಅಭಿಮಾನಿಗಳು ವರ್ಷಗಟ್ಟಲೆ ಕಾದಿದ್ದ ಡಿಸ್ಕ್‌ಗಳಿವು. ಬಂದಾಗ ಹಬ್ಬ ಆಗಬೇಕಿತ್ತು, ಆದದ್ದು ದೊಡ್ಡ ಜಗಳ.

ಒಂದಷ್ಟು ಜನ “ಈ ಸಿನಿಮಾಗಳು ಇಷ್ಟು ಚೆನ್ನಾಗಿ ಯಾವತ್ತೂ ಕಂಡಿರಲಿಲ್ಲ” ಅಂದರು. ಇನ್ನೊಂದಷ್ಟು ಜನ ಸ್ಕ್ರೀನ್‌ಶಾಟ್ ಹಿಡಿದು ಕೂತರು. ಮುಖಗಳು ಮೇಣ ಮೆತ್ತಿದ ಹಾಗಿವೆ, ಚರ್ಮದ ರಂಧ್ರಗಳೇ ಕಾಣೆಯಾಗಿವೆ, ಕೂದಲಿನ ಎಳೆಗಳನ್ನು ಯಾರೋ ಪೆನ್ನಿನಲ್ಲಿ ಗೀಚಿದ ಹಾಗಿದೆ ಅನ್ನೋದು ಅವರ ದೂರು. ಕಾರಣ ಗುಟ್ಟೇನೂ ಆಗಿರಲಿಲ್ಲ. ಹಳೆಯ ಫಿಲ್ಮಿನಿಂದ ಬಂದ ಚಿತ್ರವನ್ನು ನ್ಯೂಜಿಲೆಂಡ್‌ನ ಪಾರ್ಕ್ ರೋಡ್ ಪೋಸ್ಟ್ ಸಂಸ್ಥೆಯಲ್ಲಿ ಎಐ ತಂತ್ರದ ನೆರವಿನಿಂದ ಶುದ್ಧಿ ಮಾಡಿ, ಚುರುಕುಗೊಳಿಸಿದ್ದರು. ಟೀಕೆ ಮಾಡಿದವರನ್ನು ಕ್ಯಾಮರೂನ್ ಬೇರೆ ಕೆಲಸ ಇಲ್ಲದವರು ಅನ್ನೋ ಧಾಟಿಯಲ್ಲಿ ಗೇಲಿ ಮಾಡಿದರು.

ಹೊರಗಿನಿಂದ ನೋಡಿದರೆ ಇದು ದೊಡ್ಡ ಟಿವಿ ಇರುವವರ ಸಣ್ಣ ಕಿರಿಕಿರಿ ಅನ್ನಿಸಬಹುದು. ಸ್ವಲ್ಪ ಮಟ್ಟಿಗೆ ಅದು ನಿಜ ಕೂಡ. ಆದರೆ ನಲವತ್ತು ವರ್ಷಗಳಿಂದ ನಡೀತಾ ಇರೋ ಈ ಜಗಳದ ಒಳಗೆ ಕೆಲವು ಗಟ್ಟಿ ಪ್ರಶ್ನೆಗಳಿವೆ. ಒಂದು ಸಿನಿಮಾ ಹೇಗೆ ಕಾಣಬೇಕು ಅಂತ ನಿರ್ಧಾರ ಮಾಡೋದು ಯಾರು? ಹಳೆಯದನ್ನು ತಿದ್ದುವ ಹಕ್ಕು ಯಾರಿಗಿದೆ? ಮೂಲ ಪ್ರತಿ ಯಾರ ಕೈಯಲ್ಲಿ ಉಳಿಯುತ್ತೆ? ಈ ಬರಹದಲ್ಲಿ ಮೊದಲು ತಾಂತ್ರಿಕ ವಿಷಯ, ಆಮೇಲೆ ಜಗಳದ ಇತಿಹಾಸ, ಕೊನೆಗೆ ನಮ್ಮ ಕಡೆಯ ಪರಿಸ್ಥಿತಿ ನೋಡೋಣ.

ಗ್ರೇನ್ ಅಂದರೆ ಏನು?

ಡಿಜಿಟಲ್ ಕ್ಯಾಮೆರಾ ಬರುವ ಮುಂಚೆ ಸಿನಿಮಾ ಚಿತ್ರೀಕರಣ ನಡೀತಿದ್ದದ್ದು ಫಿಲ್ಮಿನ ಮೇಲೆ. ಫಿಲ್ಮಿಗೆ ಬಳಿದ ಲೇಪನದಲ್ಲಿ ಬೆಳ್ಳಿಯ ಸಂಯುಕ್ತದ ಸಣ್ಣ ಸಣ್ಣ ಹರಳುಗಳಿರುತ್ತವೆ. ಬೆಳಕು ಬಿದ್ದಾಗ ಈ ಹರಳುಗಳಲ್ಲಿ ಬದಲಾವಣೆ ಆಗುತ್ತೆ, ಲ್ಯಾಬ್‌ನಲ್ಲಿ ತೊಳೆದ ಮೇಲೆ ಚಿತ್ರ ಮೂಡುತ್ತೆ. ಬಣ್ಣದ ಫಿಲ್ಮಿನಲ್ಲಿ ಕೊನೆಗೆ ಬೆಳ್ಳಿ ತೊಳೆದುಹೋಗಿ, ಅದು ಇದ್ದ ಜಾಗದಲ್ಲಿ ಬಣ್ಣದ ಸಣ್ಣ ಮೋಡಗಳು ಉಳಿಯುತ್ತವೆ. ಪರದೆ ಮೇಲೆ ಮರಳಿನ ಹಾಗೆ ಅಲುಗುತ್ತಾ ಕಾಣೋದು ಇದೇ. ಇದಕ್ಕೆ ಗ್ರೇನ್ ಅನ್ನುತ್ತಾರೆ.

ಅಂದರೆ ಗ್ರೇನ್ ಅನ್ನೋದು ಚಿತ್ರದ ಮೇಲೆ ಕೂತ ಧೂಳಲ್ಲ. ಚಿತ್ರ ಆಗಿರೋದೇ ಅದರಿಂದ. ಮಂದ ಬೆಳಕಿಗೆ ಬಳಸುವ ಹೆಚ್ಚು ವೇಗದ ಫಿಲ್ಮಿನಲ್ಲಿ ಗ್ರೇನ್ ದಪ್ಪ, ಹಗಲು ಬೆಳಕಿಗೆ ಬಳಸುವ ನಿಧಾನದ ಫಿಲ್ಮಿನಲ್ಲಿ ನಯ. ಯಾವ ದೃಶ್ಯಕ್ಕೆ ಯಾವ ಫಿಲ್ಮ್ ಅಂತ ಛಾಯಾಗ್ರಾಹಕರು ಯೋಚಿಸಿ ಆರಿಸ್ತಿದ್ದರು. ಹಾಗಾಗಿ ಗ್ರೇನ್ ಒರೆಸಲು ಹೋದರೆ ಅದರ ಜೊತೆಗೆ ಚರ್ಮದ ಸುಕ್ಕು, ಬಟ್ಟೆಯ ನೇಯ್ಗೆ, ಗೋಡೆಯ ಒರಟು ಎಲ್ಲವೂ ಸ್ವಲ್ಪ ಸ್ವಲ್ಪ ಅಳಿಸಿಹೋಗುತ್ತವೆ. ಸಾಫ್ಟ್‌ವೇರ್‌ಗೆ ಇವೆರಡರ ವ್ಯತ್ಯಾಸ ಪೂರ್ತಿ ಗೊತ್ತಾಗಲ್ಲ.

ಗೀರು, ಕಲೆ, ಧೂಳು, ಹರಿದ ಚೌಕಟ್ಟು ಬೇರೆ ವಿಷಯ. ಅವು ಆಮೇಲೆ ಆದ ಹಾನಿ, ಅದನ್ನು ಸರಿ ಮಾಡೋದಕ್ಕೆ ಯಾರ ತಕರಾರೂ ಇಲ್ಲ. ಗೀರು ತೆಗೆಯೋದು ರಿಪೇರಿ, ಗ್ರೇನ್ ತೆಗೆಯೋದು ತಿದ್ದುಪಡಿ ಅನ್ನೋದು ಅಭಿಮಾನಿಗಳ ವಾದದ ತಿರುಳು.

ಯಾವ ಫಾರ್ಮ್ಯಾಟ್‌ನಲ್ಲಿ ಎಷ್ಟು ಕಾಣುತ್ತೆ?

ಮನೆಯಲ್ಲಿ ಸಿನಿಮಾ ನೋಡಲು ಬಂದ ಮುಖ್ಯ ಫಾರ್ಮ್ಯಾಟ್‌ಗಳು ಇವು:

- ವಿಎಚ್‌ಎಸ್ ಕ್ಯಾಸೆಟ್ (ಜಪಾನಿನ ಜೆವಿಸಿ ಕಂಪನಿ, 1976): ಅನಲಾಗ್. ಸುಮಾರು 240 ಗೆರೆಗಳಷ್ಟು ವಿವರ. ಪ್ರತಿ ಸಲ ನೋಡಿದಾಗಲೂ ಟೇಪ್ ಸವೆಯುತ್ತೆ, ಕಾಪಿಯ ಕಾಪಿ ಇನ್ನೂ ಮಸುಕು.
- ಲೇಸರ್‌ಡಿಸ್ಕ್ (1978): ಗ್ರಾಮಫೋನ್ ರೆಕಾರ್ಡಿನಷ್ಟು ದೊಡ್ಡ ತಟ್ಟೆ. ಚಿತ್ರ ಅನಲಾಗೇ ಆದರೂ 400ಕ್ಕೂ ಹೆಚ್ಚು ಗೆರೆ. ದುಬಾರಿ.
- ವಿಸಿಡಿ (1993): ಡಿಜಿಟಲ್, ಆದರೆ ನಮ್ಮ ಟಿವಿ ಪದ್ಧತಿಯಲ್ಲಿ 352x288 ಚುಕ್ಕೆ ಮಾತ್ರ. ಒಂದು ಡಿಸ್ಕ್‌ಗೆ ಸುಮಾರು 74 ನಿಮಿಷ.
- ಡಿವಿಡಿ (1996ರಲ್ಲಿ ಜಪಾನ್, 1997ರಲ್ಲಿ ಅಮೆರಿಕ): ನಮ್ಮ ಪದ್ಧತಿಯಲ್ಲಿ 720x576 ಚುಕ್ಕೆ.
- ಬ್ಲೂ-ರೇ (2006): 1920x1080 ಚುಕ್ಕೆ. ಚಿತ್ರಕ್ಕೇ ಸೆಕೆಂಡಿಗೆ 40 ಮೆಗಾಬಿಟ್‌ವರೆಗೆ ಮಾಹಿತಿ.
- 4ಕೆ ಅಲ್ಟ್ರಾ ಎಚ್‌ಡಿ ಬ್ಲೂ-ರೇ (2016): 3840x2160 ಚುಕ್ಕೆ. 100 ಜಿಬಿ ಡಿಸ್ಕ್‌ನಲ್ಲಿ ಸೆಕೆಂಡಿಗೆ 128 ಮೆಗಾಬಿಟ್‌ವರೆಗೆ.

ಲೆಕ್ಕ ಹಾಕಿ ನೋಡಿ. ವಿಸಿಡಿಯ ಒಂದು ಚೌಕಟ್ಟಿನಲ್ಲಿ ಸುಮಾರು ಒಂದು ಲಕ್ಷ ಚುಕ್ಕೆಗಳಿದ್ದರೆ, 4ಕೆಯಲ್ಲಿ 82 ಲಕ್ಷಕ್ಕೂ ಹೆಚ್ಚು. ಎಂಬತ್ತು ಪಟ್ಟು ವ್ಯತ್ಯಾಸ.

ವಿಎಚ್‌ಎಸ್ ಕಾಲದಲ್ಲಿ ಗ್ರೇನ್ ಬಗ್ಗೆ ಯಾಕೆ ಯಾರೂ ಜಗಳ ಆಡಲಿಲ್ಲ ಅನ್ನೋದಕ್ಕೆ ಉತ್ತರ ಇಲ್ಲೇ ಇದೆ. ಆ ಟೇಪಿನಲ್ಲಿ ಗ್ರೇನ್ ಕಾಣುವಷ್ಟು ವಿವರವೇ ಇರಲಿಲ್ಲ. ಬ್ಲೂ-ರೇ ಬಂದಾಗ ಮೊದಲ ಸಲ ಫಿಲ್ಮಿನ ನಿಜವಾದ ಮೈ ಮನೆಯ ಟಿವಿಯಲ್ಲಿ ಕಂಡಿತು. ಅದನ್ನು ಕಂಡು ಕೆಲವರು ಖುಷಿಪಟ್ಟರು, ಕೆಲವರು “ದುಡ್ಡು ಕೊಟ್ಟು ತಂದ ಎಚ್‌ಡಿಯಲ್ಲಿ ಇದೇನು ಗುಜುಗುಜು” ಅಂತ ಗಾಬರಿಯಾದರು.

ಮೊದಲ ಜಗಳ: ಅರ್ಧ ಚಿತ್ರ ಎಲ್ಲಿ ಹೋಯ್ತು?

ಗುಣಮಟ್ಟದ ಮೊದಲ ದೊಡ್ಡ ಜಗಳ ನಡೆದದ್ದು ಚೌಕಟ್ಟಿನ ಬಗ್ಗೆ. ಹಳೆಯ ಟಿವಿ ಹೆಚ್ಚುಕಡಿಮೆ ಚೌಕ, ಅಗಲ 4 ಆದರೆ ಎತ್ತರ 3. ಸಿನೆಮಾಸ್ಕೋಪ್ ಚಿತ್ರದ ಅಗಲ ಎತ್ತರದ 2.35 ಪಟ್ಟು. ಅಗಲದ ಚಿತ್ರವನ್ನು ಚೌಕದ ಟಿವಿಗೆ ತುಂಬಿಸಲು ಕಂಪನಿಗಳು ಎರಡೂ ಬದಿ ಕತ್ತರಿಸುತ್ತಿದ್ದವು. ಹೀಗೆ ಕತ್ತರಿಸಿದರೆ ನೂರಕ್ಕೆ ಸುಮಾರು 43 ಭಾಗ ಚಿತ್ರ ಮಾಯ. ಇಬ್ಬರು ಎದುರುಬದುರು ನಿಂತು ಮಾತಾಡುವ ದೃಶ್ಯ ಇದ್ದರೆ ಒಬ್ಬರ ಮೂಗು, ಇನ್ನೊಬ್ಬರ ಬೆನ್ನು.

ಪೂರ್ತಿ ಚಿತ್ರ ಬೇಕು ಅಂದರೆ ಟಿವಿಯ ಮೇಲೆ ಕೆಳಗೆ ಕಪ್ಪು ಪಟ್ಟಿ ಬಿಡಬೇಕು. ಇದಕ್ಕೆ ಲೆಟರ್‌ಬಾಕ್ಸ್ ಅಂತ ಹೆಸರು. ವುಡಿ ಅಲೆನ್ ತಮ್ಮ ‘ಮ್ಯಾನ್‌ಹಾಟನ್’ (1979) ವಿಡಿಯೋದಲ್ಲಿ ಬರೋದಾದರೆ ಹೀಗೇ ಬರಬೇಕು ಅಂತ ಪಟ್ಟು ಹಿಡಿದರು. 1984ರಲ್ಲಿ ಲೇಸರ್‌ಡಿಸ್ಕ್‌ನಲ್ಲಿ ‘ಸಿಟಿಜನ್ ಕೇನ್’ ಮತ್ತು ‘ಕಿಂಗ್ ಕಾಂಗ್’ ತರುವ ಮೂಲಕ ಶುರುವಾದ ಕ್ರೈಟೀರಿಯನ್ ಸಂಸ್ಥೆ ಲೆಟರ್‌ಬಾಕ್ಸ್ ಅನ್ನು ರೂಢಿಗೆ ತಂದಿತು. ಆದರೆ ಎಷ್ಟೋ ಗ್ರಾಹಕರಿಗೆ ಅನ್ನಿಸಿದ್ದು ಉಲ್ಟಾ: “ಕಪ್ಪು ಪಟ್ಟಿ ಹಾಕಿ ನಮ್ಮ ಟಿವಿಯ ಜಾಗ ನುಂಗ್ತಿದ್ದಾರೆ.”

ಕಂಪನಿಗಳು “ಜನ ಕೇಳೋದು ಇದನ್ನೇ” ಅಂತ ಕತ್ತರಿಸಿದ ಪ್ರತಿಯನ್ನೇ ಮಾರಿದವು. ಹಟ ಹಿಡಿದವರು ಒಂದು ಸಣ್ಣ ಗುಂಪು. ಅಗಲದ ಟಿವಿ ಮನೆಮನೆಗೆ ಬಂದ ಮೇಲೆ ಆ ಗುಂಪು ಕೇಳಿದ್ದೇ ಎಲ್ಲರ ನಿಯಮ ಆಯಿತು. ಈ ನೆನಪು ಮುಖ್ಯ. ಅಭಿಮಾನಿಗಳು ಇವತ್ತು ಗ್ರೇನ್ ಬಗ್ಗೆ ಅಷ್ಟು ಹಟ ಮಾಡೋದಕ್ಕೆ ಒಂದು ಕಾರಣ, ಅವರು ಒಮ್ಮೆ ಗೆದ್ದಿದ್ದಾರೆ.

ಮೇಣದ ಮುಖಗಳು

ಬ್ಲೂ-ರೇ ಮಾರುಕಟ್ಟೆಗೆ ಬಂದ ಹೊಸದರಲ್ಲಿ ಸ್ಟುಡಿಯೋಗಳು ‘ಹೊಸ ಟಿವಿಗೆ ಹೊಸ ಚಿತ್ರ’ ಅನ್ನೋ ಲೆಕ್ಕದಲ್ಲಿ ಗ್ರೇನ್ ಒರೆಸಲು ಶುರು ಮಾಡಿದವು. ಈ ಕೆಲಸಕ್ಕೆ ಡಿಜಿಟಲ್ ನಾಯ್ಸ್ ರಿಡಕ್ಷನ್, ಚಿಕ್ಕದಾಗಿ ಡಿಎನ್‌ಆರ್ ಅನ್ನುತ್ತಾರೆ. ಒರೆಸಿದ ಮೇಲೆ ಚಿತ್ರ ಮಸುಕಾಗುವುದರಿಂದ ಅಂಚುಗಳನ್ನು ಕೃತಕವಾಗಿ ಚೂಪು ಮಾಡ್ತಾರೆ. ಆಗ ವಸ್ತುಗಳ ಸುತ್ತ ಬಿಳಿ ಪ್ರಭಾವಳಿ ಕಾಣುತ್ತೆ.

2008ರಲ್ಲಿ ಬಂದ ‘ಪ್ಯಾಟನ್’ (1970) ಬ್ಲೂ-ರೇ ಇದಕ್ಕೆ ಹೆಸರಾಯಿತು. ಆ ಸಿನಿಮಾ ತೆಗೆದದ್ದು 65 ಎಂಎಂ ಫಿಲ್ಮಿನಲ್ಲಿ, ವಿವರಕ್ಕೆ ಕೊರತೆಯೇ ಇರಲಿಲ್ಲ. ಆದರೂ ಒರೆಸಿದ್ದರು. 2010ರಲ್ಲಿ ಬಂದ ‘ಪ್ರಿಡೇಟರ್’ (1987) ಡಿಸ್ಕ್‌ನಲ್ಲಿ ಆರ್ನಾಲ್ಡ್ ಶ್ವಾರ್ಜನೆಗ್ಗರ್ ಕಾಡಿನಲ್ಲಿ ಬೆವರು ಸುರಿಸುವ ಮನುಷ್ಯನಂತೆ ಕಾಣೋದು ಬಿಟ್ಟು ಮೇಣದ ವಸ್ತುಸಂಗ್ರಹಾಲಯದ ಬೊಂಬೆಯಂತೆ ಕಂಡ. ಗ್ರೇನ್ ವಿವಾದದ ಮಾತು ಬಂದಾಗೆಲ್ಲ ಜನ ಇವತ್ತಿಗೂ ಮೊದಲು ಹೇಳುವ ಹೆಸರು ಅದೇ.

‘ಗ್ಲಾಡಿಯೇಟರ್’ (2000) ಚಿತ್ರದ 2009ರ ಬ್ಲೂ-ರೇ ಕತೆ ಇನ್ನೂ ತಮಾಷೆ. ಶುರುವಿನ ಯುದ್ಧದ ದೃಶ್ಯದಲ್ಲಿ ಹಾರುವ ಬೆಂಕಿಬಾಣಗಳನ್ನು ಕಲೆ ತೆಗೆಯುವ ಸಾಫ್ಟ್‌ವೇರ್ ಕೊಳೆ ಅಂದುಕೊಂಡು ಕೆಲವು ಕಡೆ ಅಳಿಸಿಹಾಕಿತ್ತು. ಅಭಿಮಾನಿಗಳು ಚೌಕಟ್ಟು ಚೌಕಟ್ಟಾಗಿ ಹೋಲಿಸಿ ತೋರಿಸಿದರು. ಮರುವರ್ಷ ಸ್ಟುಡಿಯೋ ಸರಿಪಡಿಸಿದ ಡಿಸ್ಕ್ ತಂದಿತು. ‘ಪ್ಯಾಟನ್’ ಕೂಡ ಆಮೇಲೆ ಹೊಸ ರೂಪದಲ್ಲಿ ಬಂತು. ದೂರು ಕೊಟ್ಟವರು ಸಂಖ್ಯೆಯಲ್ಲಿ ಕಡಿಮೆ, ಆದರೆ ಕೈಯಲ್ಲಿ ಸಾಕ್ಷಿ ಇತ್ತು.

ನಿಷ್ಠೆ ಯಾವುದಕ್ಕೆ?

ಇಲ್ಲಿಯವರೆಗೆ ಕತೆ ಸರಳ: ಸ್ಟುಡಿಯೋ ತಪ್ಪು, ಅಭಿಮಾನಿ ಸರಿ. ಮುಂದೆ ಗೋಜಲಿದೆ. ‘ಮೂಲಕ್ಕೆ ನಿಷ್ಠೆ’ ಅಂದರೆ ಯಾವ ಮೂಲ? ಬಿಡುಗಡೆಯ ದಿನ ಥಿಯೇಟರಿನಲ್ಲಿ ಕಂಡದ್ದೋ, ಇವತ್ತು ನಿರ್ದೇಶಕರು ಬಯಸುವುದೋ, ಹಕ್ಕು ಇರುವ ಕಂಪನಿ ಹೇಳಿದ್ದೋ? ಇದನ್ನು ಮೂರು ಪ್ರಸಂಗಗಳಲ್ಲಿ ನೋಡಬಹುದು.

*ಒಂದು, ನಿರ್ದೇಶಕರ ವಿರುದ್ಧ ಛಾಯಾಗ್ರಾಹಕರು.* ‘ದಿ ಫ್ರೆಂಚ್ ಕನೆಕ್ಷನ್’ (1971) ಚಿತ್ರದ 2009ರ ಬ್ಲೂ-ರೇಗೆ ನಿರ್ದೇಶಕ ವಿಲಿಯಂ ಫ್ರೀಡ್‌ಕಿನ್ ಬಣ್ಣಗಳನ್ನೇ ಬದಲಿಸಿ, ಪೇಲವವಾದ ಹೊಸ ರೂಪ ಕೊಟ್ಟರು. ಆ ಚಿತ್ರದ ಛಾಯಾಗ್ರಾಹಕ ಓವನ್ ರೋಯ್ಜ್‌ಮನ್ ಬಹಿರಂಗವಾಗಿ ಸಿಟ್ಟಾದರು. ತನ್ನನ್ನು ಕೇಳದೆ ತನ್ನ ಕೆಲಸ ಕೆಡಿಸಲಾಗಿದೆ ಅನ್ನೋದು ಅವರ ಆಕ್ಷೇಪ. ಕೊನೆಗೆ 2012ರಲ್ಲಿ ಮೂಲಕ್ಕೆ ಹತ್ತಿರವಾದ ಬಣ್ಣದಲ್ಲಿ ಡಿಸ್ಕ್ ಮತ್ತೆ ಬಂತು.

*ಎರಡು, ನಿರ್ದೇಶಕರ ವಿರುದ್ಧ ಪ್ರೇಕ್ಷಕರು.* 1988ರಲ್ಲಿ ಜಾರ್ಜ್ ಲೂಕಸ್ ಅಮೆರಿಕದ ಸಂಸತ್ತಿನ ಮುಂದೆ ಹೋಗಿ, ಹಳೆಯ ಸಿನಿಮಾಗಳನ್ನು ತಿದ್ದೋದು ಸಂಸ್ಕೃತಿಗೆ ಮಾಡುವ ದ್ರೋಹ ಅನ್ನುವ ಅರ್ಥದಲ್ಲಿ ಸಾಕ್ಷ್ಯ ಹೇಳಿದರು. 1997ರಲ್ಲಿ ತಮ್ಮದೇ ‘ಸ್ಟಾರ್ ವಾರ್ಸ್’ (1977) ಚಿತ್ರಕ್ಕೆ ಹೊಸ ಗ್ರಾಫಿಕ್ಸ್, ಹೊಸ ದೃಶ್ಯ ಸೇರಿಸಿದರು. ಆಮೇಲೆ ಮೂಲ ರೂಪ ಒಳ್ಳೆಯ ಗುಣಮಟ್ಟದಲ್ಲಿ ಸಿಗೋದೇ ನಿಂತಿತು. 2006ರ ಡಿವಿಡಿಯಲ್ಲಿ ಹೆಚ್ಚುವರಿ ಡಿಸ್ಕ್ ಆಗಿ ಕೊಟ್ಟದ್ದು 1993ರ ಲೇಸರ್‌ಡಿಸ್ಕ್‌ಗೆ ಮಾಡಿದ್ದ ಹಳೇ ಪ್ರತಿ. ಕೊನೆಗೆ ಅಭಿಮಾನಿಗಳೇ 1977ರ 35 ಎಂಎಂ ಪ್ರಿಂಟ್ ಹುಡುಕಿ, ಸ್ಕ್ಯಾನ್ ಮಾಡಿ, ಶುದ್ಧಿ ಮಾಡಿ ‘4ಕೆ77’ ಅನ್ನೋ ಹೆಸರಿನಲ್ಲಿ ಹಂಚಿದರು. ಕಾನೂನಿನ ಪ್ರಕಾರ ಅದು ಅನಧಿಕೃತ. ಆದರೆ ಒಂದು ತಲೆಮಾರು ಥಿಯೇಟರಿನಲ್ಲಿ ನೋಡಿದ ಸಿನಿಮಾದ ದಾಖಲೆ ಮನೆಗೆ ಸಿಕ್ಕಿದ್ದು ಹಾಗೆ.

*ಮೂರು, ಕಂಪನಿಯ ವಿರುದ್ಧ ನಿರ್ದೇಶಕರು.* 1986ರಲ್ಲಿ ಟೆಡ್ ಟರ್ನರ್ ಹಳೇ ಕಪ್ಪು ಬಿಳುಪು ಸಿನಿಮಾಗಳ ದೊಡ್ಡ ಭಂಡಾರ ಕೊಂಡು, ಅವುಗಳಿಗೆ ಕಂಪ್ಯೂಟರಿನಲ್ಲಿ ಬಣ್ಣ ಹಾಕಿಸಲು ಹೊರಟರು. ‘ದಿ ಮಾಲ್ಟೀಸ್ ಫಾಲ್ಕನ್’ ಚಿತ್ರಕ್ಕೆ ಬಣ್ಣ ಬಳಿದದ್ದನ್ನು ನಿರ್ದೇಶಕ ಜಾನ್ ಹ್ಯೂಸ್ಟನ್ ಕಟುವಾಗಿ ವಿರೋಧಿಸಿದರು. 1987ರಲ್ಲಿ ಅವರು ತೀರಿಕೊಂಡ ಮೇಲೆ ಅವರ ಮಕ್ಕಳು ‘ದಿ ಆಸ್ಫಾಲ್ಟ್ ಜಂಗಲ್’ ಚಿತ್ರದ ಬಣ್ಣದ ಪ್ರತಿಯನ್ನು ಫ್ರಾನ್ಸಿನ ಟಿವಿಯಲ್ಲಿ ತೋರಿಸಬಾರದು ಅಂತ ಕೋರ್ಟಿಗೆ ಹೋದರು. 1991ರಲ್ಲಿ ಫ್ರಾನ್ಸಿನ ಅತ್ಯುನ್ನತ ನ್ಯಾಯಾಲಯ ಅವರ ಪರ ನಿಂತಿತು. ಹಕ್ಕು ಮಾರಿದರೂ ಕೃತಿಯ ರೂಪ ಕೆಡದಂತೆ ಕಾಯುವ ನೈತಿಕ ಹಕ್ಕು ಕೃತಿಕಾರರದ್ದೇ ಅಂತ ಎತ್ತಿಹಿಡಿಯಿತು. ಅಮೆರಿಕದಲ್ಲಿ ಅಂಥ ರಕ್ಷಣೆ ಸಿಗಲಿಲ್ಲ. ಅಲ್ಲಿ ಈ ಗದ್ದಲದ ಫಲವಾಗಿ 1988ರಲ್ಲಿ ಚಲನಚಿತ್ರ ಸಂರಕ್ಷಣಾ ಕಾಯ್ದೆ ಮತ್ತು ರಾಷ್ಟ್ರೀಯ ಚಲನಚಿತ್ರ ಪಟ್ಟಿ ಬಂದವು.

ಮೂರು ಕಡೆಯೂ ‘ಸರಿ’ ಯಾರು ಅಂತ ಒಂದೇ ಮಾತಿನಲ್ಲಿ ಹೇಳೋದು ಕಷ್ಟ. ಆದರೆ ಒಂದು ಸಾಮಾನ್ಯ ಬೇಡಿಕೆ ಕಾಣುತ್ತೆ. ಬೇಕಾದರೆ ಹೊಸ ರೂಪ ಮಾಡಿ, ಹಳೆಯದನ್ನು ಮಾಯ ಮಾಡಬೇಡಿ. ಲೂಕಸ್ ಮೇಲಿನ ಸಿಟ್ಟು ತಿದ್ದಿದ್ದಕ್ಕಿಂತ ಹೆಚ್ಚಾಗಿ ಮೂಲವನ್ನು ಬಚ್ಚಿಟ್ಟದ್ದಕ್ಕೆ.

ನಮ್ಮ ಕಡೆ: 28 ರೂಪಾಯಿಯ ವಿಸಿಡಿ

ಈ ಜಗಳ ನಡೀವಾಗ ನಾವು ಏನು ನೋಡ್ತಿದ್ದೆವು? ವಿಡಿಯೋ ಲೈಬ್ರರಿಯಿಂದ ಬಾಡಿಗೆಗೆ ತಂದ ಕ್ಯಾಸೆಟ್, ಅದರ ತಳದಲ್ಲಿ ಓಡುವ ಜಾಹೀರಾತು, ಆಮೇಲೆ ಎರಡು ಮೂರು ತಟ್ಟೆಯ ವಿಸಿಡಿ. ಮಧ್ಯಂತರ ಬಂದಾಗ ಎದ್ದು ಹೋಗಿ ಡಿಸ್ಕ್ ಬದಲಿಸೋದು ನೋಡುವುದರ ಭಾಗವೇ ಆಗಿತ್ತು. ಕತ್ತಲ ದೃಶ್ಯ ಬಂದರೆ ಪರದೆ ತುಂಬ ಚೌಕ ಚೌಕ.

ಮೋಸರ್ ಬೇರ್ ಕಂಪನಿ ಹೋಮ್ ವಿಡಿಯೋಕ್ಕೆ ಇಳಿದು ವಿಸಿಡಿಯನ್ನು 28 ರೂಪಾಯಿಗೆ, ಡಿವಿಡಿಯನ್ನು 34 ರೂಪಾಯಿಗೆ ಮಾರಿದಾಗ ಮಾರುಕಟ್ಟೆಯೇ ತಲೆಕೆಳಗಾಯಿತು. ಪೈರಸಿ ಡಿಸ್ಕಿನ ಬೆಲೆಗೆ ಅಸಲಿ ಡಿಸ್ಕ್. ಚಿತ್ರದ ಗುಣಮಟ್ಟ ಸಾಧಾರಣ, ಒಂದೇ ತಟ್ಟೆಯಲ್ಲಿ ಎರಡು ಮೂರು ಸಿನಿಮಾ ತುರುಕಿದರೆ ಇನ್ನೂ ಕಳಪೆ. ಆದರೆ ಸಣ್ಣ ಊರಿನ ಎಷ್ಟೋ ಮನೆಗಳಿಗೆ ಸ್ವಂತಕ್ಕೆ ಅಂತ ಸಿನಿಮಾ ಬಂದದ್ದು ಹಾಗೆ. ಗುಣಮಟ್ಟದ ಮಾತಾಡುವಾಗ ಇದನ್ನು ಮರೆಯೋದು ಸರಿಯಲ್ಲ. ಡಿವಿಡಿಗಳನ್ನು ಪ್ರದೇಶವಾರು ಬೀಗ ಹಾಕಿ ಮಾರುತ್ತಿದ್ದ ಕಾಲ ಅದು. ಭಾರತ ಇದ್ದದ್ದು 5ನೇ ವಲಯದಲ್ಲಿ. ಅಮೆರಿಕದಲ್ಲಿ ಬಂದ ಒಳ್ಳೆಯ ಡಿಸ್ಕನ್ನು ದುಬಾರಿ ಬೆಲೆ ಕೊಟ್ಟು ತಂದರೂ ಇಲ್ಲಿಯ ಪ್ಲೇಯರಿನಲ್ಲಿ ಓಡುವ ಖಾತ್ರಿ ಇರಲಿಲ್ಲ.

ಪೈರಸಿ ಬಗ್ಗೆ ಸರ್ಕಾರದ ಕಾಳಜಿ ಎಷ್ಟಿತ್ತು ಅಂದರೆ, ಕರ್ನಾಟಕದಲ್ಲಿ ಜನ ಗೂಂಡಾ ಕಾಯ್ದೆ ಅಂತ ಕರೆಯುವ 1985ರ ಕಾಯ್ದೆಯ ಹೆಸರಿನಲ್ಲೇ ಈಗ ‘ವಿಡಿಯೋ ಅಥವಾ ಆಡಿಯೋ ಪೈರೇಟ್‌ಗಳು’ ಅಂತ ಇದೆ. ವಿಚಾರಣೆಯಿಲ್ಲದೆ 12 ತಿಂಗಳವರೆಗೆ ಮುಂಜಾಗ್ರತಾ ಬಂಧನದಲ್ಲಿ ಇಡಲು ಅವಕಾಶ ಕೊಡುವ ಕಾಯ್ದೆ ಅದು. ನಕಲು ಮಾಡುವವರ ಮೇಲೆ ಇಷ್ಟು ಕಠಿಣ ಆದ ವ್ಯವಸ್ಥೆ ಅಸಲನ್ನು ಉಳಿಸೋದರಲ್ಲಿ ಇಷ್ಟೇ ಆಸಕ್ತಿ ತೋರಿಸಿತೇ? ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ (1934) ಇವತ್ತು ನೋಡಲು ಇಲ್ಲ. ಎಷ್ಟೋ ಹಳೆಯ ಕನ್ನಡ ಸಿನಿಮಾಗಳನ್ನು ನಾವು ನೋಡ್ತಿರೋದು ಯೂಟ್ಯೂಬಿನಲ್ಲಿ, ಬಣ್ಣ ಬಿಟ್ಟ, ಬದಿ ಕತ್ತರಿಸಿದ, ಮೂಲೆಯಲ್ಲಿ ಯಾವುದೋ ಕಂಪನಿಯ ಲೋಗೋ ಇರುವ ಪ್ರತಿಗಳಲ್ಲಿ.

ಬಣ್ಣ ಹಾಕಿದ ರಾಜ್, ಉಳಿಸಿಕೊಂಡ ‘ಘಟಶ್ರಾದ್ಧ’

ಹ್ಯೂಸ್ಟನ್ ಎತ್ತಿದ ಪ್ರಶ್ನೆ ನಮ್ಮಲ್ಲೂ ಬಂತು, ಆದರೆ ಬೇರೆ ಧಾಟಿಯಲ್ಲಿ. 2008ರಲ್ಲಿ ‘ಸತ್ಯ ಹರಿಶ್ಚಂದ್ರ’ (1965), 2014ರಲ್ಲಿ ‘ಕಸ್ತೂರಿ ನಿವಾಸ’ (1971) ಬಣ್ಣ ಹಾಕಿಸಿಕೊಂಡು ಥಿಯೇಟರಿಗೆ ಬಂದವು. ಡಾ. ರಾಜ್‌ಕುಮಾರ್ ಅಭಿಮಾನಿಗಳಿಗೆ ಅದು ಅಣ್ಣಾವ್ರನ್ನು ಮತ್ತೆ ದೊಡ್ಡ ಪರದೆಯಲ್ಲಿ ನೋಡುವ ಸಂದರ್ಭ. ಆ ಖುಷಿಯನ್ನು ಹೀಗಳೆಯುವ ಅಗತ್ಯ ಇಲ್ಲ. ಆದರೆ ಕೇಳಬೇಕಾದ ಪ್ರಶ್ನೆ ಇದೆ. ಕಪ್ಪು ಬಿಳುಪಿನ ಮೂಲ ಪ್ರತಿಯೂ ಅಷ್ಟೇ ಚೊಕ್ಕಟವಾಗಿ ಮನೆಯಲ್ಲಿ ನೋಡೋಕೆ ಸಿಗಬೇಕಲ್ಲವೇ?

ಇನ್ನೊಂದು ದಾರಿಗೆ ಉದಾಹರಣೆ ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977). ಯು.ಆರ್. ಅನಂತಮೂರ್ತಿ ಕತೆ ಆಧರಿಸಿದ, ಸ್ವರ್ಣಕಮಲ ಪಡೆದ ಈ ಚಿತ್ರವನ್ನು ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಮಾರ್ಟಿನ್ ಸ್ಕಾರ್ಸೇಸಿಯವರ ವರ್ಲ್ಡ್ ಸಿನೆಮಾ ಪ್ರಾಜೆಕ್ಟ್ ಸೇರಿ 4ಕೆಯಲ್ಲಿ ರಿಸ್ಟೋರ್ ಮಾಡಿದವು. 2024ರ ವೆನಿಸ್ ಚಿತ್ರೋತ್ಸವದ ಕ್ಲಾಸಿಕ್ಸ್ ವಿಭಾಗದಲ್ಲಿ ಅದು ಪ್ರದರ್ಶನ ಕಂಡಿತು. ಎಸ್. ರಾಮಚಂದ್ರ ಅವರ ಕಪ್ಪು ಬಿಳುಪು ಛಾಯಾಗ್ರಹಣದಲ್ಲಿ ಯಮುನಕ್ಕನ ಮನೆಯ ಕತ್ತಲೆಗೂ ಹೊರಗಿನ ಬಿಸಿಲಿಗೂ ಅರ್ಥ ಇದೆ. ಬೂದು ಬಣ್ಣದ ನೂರು ಛಾಯೆಗಳು ಮಸುಕು ವಿಡಿಯೋದಲ್ಲಿ ಎರಡೋ ಮೂರೋ ಆಗಿಬಿಟ್ಟರೆ, ಕಳೆದುಹೋಗೋದು ಬರೀ ಅಂದ ಅಲ್ಲ. ಬಹಿಷ್ಕಾರಕ್ಕೆ ಒಳಗಾದ ಹೆಣ್ಣಿನ ಮುಖದ ಮೇಲಿನ ಭಾವವೇ ಕಳೆದುಹೋಗುತ್ತೆ.

ಸರ್ಕಾರದ ಹಣವೂ ಈಗ ಈ ಕೆಲಸದಲ್ಲಿದೆ. ರಾಷ್ಟ್ರೀಯ ಚಲನಚಿತ್ರ ಪರಂಪರೆ ಮಿಷನ್ ಅಡಿ ಸುಮಾರು 2,200 ಸಿನಿಮಾಗಳ ರಿಸ್ಟೋರೇಷನ್‌ಗೆ 363 ಕೋಟಿ ರೂಪಾಯಿ ಕೊಡುವುದಾಗಿ ಕೇಂದ್ರ 2022ರಲ್ಲಿ ಘೋಷಿಸಿತು. ಸಾರ್ವಜನಿಕ ದುಡ್ಡಿನಲ್ಲಿ ಸಿನಿಮಾ ಶುದ್ಧಿ ಮಾಡುವಾಗ ಗ್ರೇನ್ ಉಳಿಸ್ತಾರಾ ಒರೆಸ್ತಾರಾ, ಬಣ್ಣ ಯಾರು ನಿರ್ಧರಿಸ್ತಾರೆ, ಕೊನೆಗೆ ಜನರಿಗೆ ಎಲ್ಲಿ ನೋಡೋಕೆ ಸಿಗುತ್ತೆ ಅಂತ ಕೇಳೋದು ಅಭಿಮಾನಿಯ ಹುಚ್ಚಲ್ಲ, ತೆರಿಗೆದಾರರ ಹಕ್ಕು.

ಕಾನೂನು ಯಾರ ಪರ ಇದೆ ಅನ್ನೋದೂ ಗೊತ್ತಿರಲಿ. ಭಾರತದ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಸಿನಿಮಾದ ‘ಕರ್ತೃ’ ನಿರ್ಮಾಪಕ. ನಿರ್ದೇಶಕರಲ್ಲ, ಛಾಯಾಗ್ರಾಹಕರಂತೂ ಅಲ್ಲ. ನಿರ್ದೇಶಕರನ್ನೂ ಸಹಕರ್ತೃ ಮಾಡುವ ಪ್ರಸ್ತಾಪ 2010ರ ತಿದ್ದುಪಡಿ ಮಸೂದೆಯಲ್ಲಿತ್ತು, 2012ರಲ್ಲಿ ಕಾಯ್ದೆ ಆಗುವಾಗ ಕೈಬಿಟ್ಟರು. ಇದರ ಫಲ 2025ರ ಆಗಸ್ಟ್‌ನಲ್ಲಿ ಕಂಡಿತು. ‘ರಾಂಝಣಾ’ (2013) ಚಿತ್ರದ ತಮಿಳು ರೂಪವನ್ನು, ಕೊನೆಯ ದೃಶ್ಯವನ್ನೇ ಎಐ ಬಳಸಿ ಬದಲಿಸಿ ಮತ್ತೆ ಬಿಡುಗಡೆ ಮಾಡಲಾಯಿತು. ನಿರ್ದೇಶಕ ಆನಂದ್ ಎಲ್. ರೈ ಮತ್ತು ನಟ ಧನುಷ್ ಇಬ್ಬರೂ ವಿರೋಧಿಸಿದರು, ಬಿಡುಗಡೆ ನಿಲ್ಲಲಿಲ್ಲ. ‘ಏಲಿಯನ್ಸ್’ನಲ್ಲಿ ಎಐ ಮುಖದ ಚರ್ಮ ತಿದ್ದಿತ್ತು, ಇಲ್ಲಿ ಕತೆಯನ್ನೇ ತಿದ್ದಿತು.

ಸ್ಟ್ರೀಮಿಂಗ್‌ನಲ್ಲಿ 4ಕೆ ಅಂದರೆ 4ಕೆಯೇ?

ಚುಕ್ಕೆಗಳ ಲೆಕ್ಕದಲ್ಲಿ ಹೌದು, ಮಾಹಿತಿಯ ಲೆಕ್ಕದಲ್ಲಿ ಅಲ್ಲ. 4ಕೆ ನೋಡಲು ಸೆಕೆಂಡಿಗೆ 15 ಮೆಗಾಬಿಟ್ ವೇಗದ ಇಂಟರ್ನೆಟ್ ಸಾಕು ಅನ್ನುತ್ತೆ ನೆಟ್‌ಫ್ಲಿಕ್ಸ್. ಡಿಸ್ಕ್‌ನ ಮಿತಿ ಅದರ ಎಂಟು ಪಟ್ಟಿಗೂ ಹೆಚ್ಚು. ಗ್ರೇನ್ ಪ್ರತಿ ಚೌಕಟ್ಟಿನಲ್ಲೂ ಬೇರೆ ಬೇರೆ ಇರುವುದರಿಂದ ಅದನ್ನು ಕುಗ್ಗಿಸಿ ಕಳಿಸೋದು ಕಷ್ಟ. ಮಾಹಿತಿ ಸಾಲದಿದ್ದಾಗ ಮಂಜು, ಹೊಗೆ, ಕತ್ತಲೆ ಇರುವ ಕಡೆ ಚೌಕಗಳು ಏಳುತ್ತವೆ. ಇದಕ್ಕೆ ನೆಟ್‌ಫ್ಲಿಕ್ಸ್ ಬಳಸುತ್ತಿರುವ ಒಂದು ಉಪಾಯ ವಿಚಿತ್ರವಾಗಿದೆ: ಕಳಿಸುವ ಮುಂಚೆ ಗ್ರೇನ್ ತೆಗೆದು, ನಿಮ್ಮ ಟಿವಿಯಲ್ಲಿ ಅದೇ ಬಗೆಯ ಗ್ರೇನ್ ಅನ್ನು ಮತ್ತೆ ಹುಟ್ಟಿಸೋದು. ನೋಡಲು ಚೆನ್ನಾಗೇ ಇರಬಹುದು, ಆದರೆ ಅದು ಕ್ಯಾಮೆರಾದಲ್ಲಿ ಮೂಡಿದ ಗ್ರೇನ್ ಅಲ್ಲ.

ಇದಕ್ಕಿಂತ ದೊಡ್ಡ ಚಿಂತೆ ಒಡೆತನದ್ದು. 2023ರಲ್ಲಿ ಅಮೆರಿಕದ ಸ್ಟ್ರೀಮಿಂಗ್ ಸೇವೆಗಳಲ್ಲಿದ್ದ ‘ದಿ ಫ್ರೆಂಚ್ ಕನೆಕ್ಷನ್’ನಿಂದ ಜನಾಂಗೀಯ ನಿಂದನೆಯ ಮಾತಿರುವ ಒಂದು ತುಣುಕು ಸದ್ದಿಲ್ಲದೆ ಮಾಯವಾಯಿತು. ಆ ಮಾತು ಅಸಹ್ಯವೇ. ಆದರೆ ಆ ಪೊಲೀಸ್ ಅಧಿಕಾರಿ ಎಂಥವನು ಅಂತ ತೋರಿಸೋದೇ ಆ ದೃಶ್ಯದ ಕೆಲಸವಾಗಿತ್ತು. ಕತ್ತರಿಸಿದ್ದನ್ನು ಕಂಡುಹಿಡಿದದ್ದು ಹಳೇ ಡಿಸ್ಕ್ ಜೊತೆ ಹೋಲಿಸಬಲ್ಲ ಪ್ರೇಕ್ಷಕರು. ಅದೇ ವರ್ಷದ ಡಿಸೆಂಬರ್‌ನಲ್ಲಿ, ಪ್ಲೇಸ್ಟೇಷನ್‌ನಲ್ಲಿ ದುಡ್ಡು ಕೊಟ್ಟು ‘ಕೊಂಡಿದ್ದ’ ಡಿಸ್ಕವರಿ ಕಾರ್ಯಕ್ರಮಗಳನ್ನೂ ತೆಗೆಯುವುದಾಗಿ ಸೋನಿ ಹೇಳಿ, ಗದ್ದಲದ ನಂತರ ಹಿಂದೆ ಸರಿಯಿತು. ಕ್ಯಾಲಿಫೋರ್ನಿಯಾ 2024ರಲ್ಲಿ ಒಂದು ಕಾನೂನು ಮಾಡಿತು: ಡಿಜಿಟಲ್ ಸರಕಿಗೆ ‘ಕೊಳ್ಳಿ’ ಅಂತ ಬರೆಯುವ ಮುಂಚೆ, ಸಿಗೋದು ಬಳಕೆಯ ಪರವಾನಗಿ ಮಾತ್ರ ಅಂತ ಗ್ರಾಹಕರಿಗೆ ತಿಳಿಸಬೇಕು.

ಅಭಿಮಾನಿಗಳ ಮೇಲಿನ ಟೀಕೆ

ಇದಿಷ್ಟೂ ಹೇಳಿದ ಮೇಲೆ, ಈ ಬಳಗದ ತೊಂದರೆಯನ್ನೂ ಹೇಳಬೇಕು. ಗುಣಮಟ್ಟದ ಪ್ರೀತಿ ಬೇಗ ಸಲಕರಣೆಯ ಜಂಬ ಆಗಿಬಿಡುತ್ತೆ. ಫೋನಿನಲ್ಲಿ ಸಿನಿಮಾ ನೋಡುವವರನ್ನು ಹೀಯಾಳಿಸೋದು, ಲಕ್ಷ ರೂಪಾಯಿಯ ಟಿವಿ ಇಲ್ಲದವರಿಗೆ ಸಿನಿಮಾ ಗೊತ್ತಿಲ್ಲ ಅನ್ನೋದು ಇಲ್ಲಿ ಅಪರೂಪವಲ್ಲ. ಹಾಸ್ಟೆಲ್ ರೂಮಿನಲ್ಲಿ ಒಡೆದ ಲ್ಯಾಪ್‌ಟಾಪ್ ಸುತ್ತ ಆರು ಜನ ಕೂತು ನೋಡಿದ ಸಿನಿಮಾ ಬದುಕು ಬದಲಿಸಬಹುದು, ಹೋಮ್ ಥಿಯೇಟರಿನಲ್ಲಿ ನೋಡಿದ್ದು ಮಾರನೇ ದಿನ ಮರೆತುಹೋಗಬಹುದು. ಇನ್ನೊಂದು ತೊಂದರೆ, ನಿಂತ ಚೌಕಟ್ಟುಗಳನ್ನು ಹಿಗ್ಗಿಸಿ ಜಗಳ ಆಡುವ ಅಭ್ಯಾಸ. ಸಿನಿಮಾ ನೋಡೋದು ಓಡುವಾಗ. ಸ್ಕ್ರೀನ್‌ಶಾಟ್‌ನಲ್ಲಿ ಕಾಣುವ ಎಲ್ಲ ದೋಷವೂ ಓಟದಲ್ಲಿ ಕಾಣಲ್ಲ.

ಆದರೂ ಇವರ ಕೆಲಸ ಬೇಕು. ಬಾಣ ಮಾಯವಾದದ್ದು, ಸಂಭಾಷಣೆ ಮಾಯವಾದದ್ದು ಹೊರಗೆ ಬಂದದ್ದು ಇಂಥವರು ಕೂತು ಹೋಲಿಸಿದ್ದರಿಂದಲೇ. ಸಿನಿಮಾದ ವಿಷಯದಲ್ಲಿ ಇವರು ಮಾಡೋದು ಒಂದು ರೀತಿಯ ಸಾಮಾಜಿಕ ಲೆಕ್ಕಪರಿಶೋಧನೆ.

ಮನೆಯಲ್ಲಿ ನೋಡುವಾಗ ಏನು ಗಮನಿಸಬೇಕು?

ದುಡ್ಡು ಖರ್ಚಿಲ್ಲದೆ ಮಾಡಬಹುದಾದ ಕೆಲವು ಕೆಲಸ:

- ಟಿವಿಯ ‘ಮೋಶನ್ ಸ್ಮೂತಿಂಗ್’ ಆಫ್ ಮಾಡಿ. ಸಿನಿಮಾ ಸೆಕೆಂಡಿಗೆ 24 ಚೌಕಟ್ಟು. ಟಿವಿ ನಡುವೆ ತಾನೇ ಚೌಕಟ್ಟು ಹುಟ್ಟಿಸಿದರೆ ಎಲ್ಲ ಸಿನಿಮಾವೂ ಧಾರಾವಾಹಿ ತರ ಕಾಣುತ್ತೆ. ಕಂಪನಿಗೊಂದು ಹೆಸರಿಟ್ಟಿರ್ತಾರೆ, ಸೆಟ್ಟಿಂಗ್ಸ್‌ನಲ್ಲಿ ಹುಡುಕಿ. ಇದನ್ನು ಆಫ್ ಮಾಡಿ ಅಂತ ಟಾಮ್ ಕ್ರೂಸ್ 2018ರಲ್ಲಿ ವಿಡಿಯೋವನ್ನೇ ಮಾಡಿದ್ದರು.
- ‘ಫಿಲ್ಮ್‌ಮೇಕರ್ ಮೋಡ್’ ಅಥವಾ ‘ಸಿನಿಮಾ’ ಮೋಡ್ ಇದ್ದರೆ ಹಾಕಿ. ‘ವಿವಿಡ್’ ಅಂಗಡಿಯಲ್ಲಿ ಕಣ್ಣು ಸೆಳೆಯೋಕೆ ಇರೋದು.
- ಶಾರ್ಪ್‌ನೆಸ್ ಕಡಿಮೆ ಮಾಡಿ. ಅದು ವಿವರ ಸೇರಿಸಲ್ಲ, ಅಂಚಿಗೆ ಗೆರೆ ಎಳೆಯುತ್ತೆ ಅಷ್ಟೇ.
- ಕಪ್ಪು ಪಟ್ಟಿ ಕಂಡರೆ ಜೂಮ್ ಮಾಡಬೇಡಿ. ಪಟ್ಟಿ ಇರುವುದರಿಂದಲೇ ಪೂರ್ತಿ ಚಿತ್ರ ಕಾಣ್ತಿದೆ.
- ಎಚ್‌ಡಿಆರ್ ಇದ್ದ ಮಾತ್ರಕ್ಕೆ ಹಳೆಯ ಸಿನಿಮಾ ಉತ್ತಮ ಆಗಲ್ಲ. ಥಿಯೇಟರಿನ ಪರದೆಯ ಬೆಳಕಿನ ಮಾನದಂಡ ಸುಮಾರು 48 ನಿಟ್, ಎಚ್‌ಡಿಆರ್ ಪ್ರತಿಗಳನ್ನು ಸಾವಿರ ನಿಟ್‌ವರೆಗೂ ತಯಾರಿಸ್ತಾರೆ. ಛಾಯಾಗ್ರಾಹಕರು ಊಹಿಸಿಯೂ ಇರದ ಬೆಳಕು ಅದು.
- ಯೂಟ್ಯೂಬಿನಲ್ಲಿ ‘ಎಐ 4ಕೆ’ ಅಂತ ಬರುವ ಹಳೆಯ ಹಾಡುಗಳಲ್ಲಿ ಮುಖಗಳನ್ನು ಸೂಕ್ಷ್ಮವಾಗಿ ನೋಡಿ. ಮೂಲ ವಿಸಿಡಿಯಲ್ಲಿ ಇಲ್ಲದ ವಿವರವನ್ನು ಸಾಫ್ಟ್‌ವೇರ್ ಊಹಿಸಿ ಬಿಡಿಸಿರುತ್ತೆ.

ಈ ಕೊನೆಯ ಅಂಶ ನಮಗೆ ಹೆಚ್ಚು ಮುಖ್ಯ. ‘ಏಲಿಯನ್ಸ್’ನ ನೆಗೆಟಿವ್ ಭದ್ರವಾಗಿದೆ, ಇವತ್ತಿನ ಡಿಸ್ಕ್ ಇಷ್ಟವಾಗದಿದ್ದರೆ ಹತ್ತು ವರ್ಷದ ನಂತರ ಇನ್ನೊಂದು ಬರಬಹುದು. ಕನ್ನಡದ ಎಷ್ಟೋ ಸಿನಿಮಾಗಳಿಗೆ ಆ ಭಾಗ್ಯ ಇಲ್ಲ. ನೆಗೆಟಿವ್ ಕೊಳೆತು, ಪ್ರಿಂಟ್ ಕಳೆದು, ಕೊನೆಗೆ ಉಳಿಯೋದು ಯಾವುದೋ ಮಸುಕು ವಿಡಿಯೋ ಮಾತ್ರ ಆದರೆ, ಅದನ್ನೇ ಎಐ ಬಳಸಿ ಹೊಳಪು ಮಾಡಿ ‘ರಿಸ್ಟೋರ್ ಆಗಿದೆ’ ಅಂತ ತೋರಿಸುವುದು ಅತಿ ಸುಲಭದ, ಅತಿ ಅಗ್ಗದ ದಾರಿ. ನೋಡುವ ನಾವು ಪ್ರಶ್ನೆ ಕೇಳದಿದ್ದರೆ ಅದೇ ದಾರಿ ಹಿಡೀತಾರೆ. ಮುಂದಿನ ಸಲ ಹಳೇ ಕನ್ನಡ ಸಿನಿಮಾ ‘4ಕೆಯಲ್ಲಿ’ ಅಂತ ಜಾಹೀರಾತು ಕಂಡಾಗ, ಎಷ್ಟು ಚೆನ್ನಾಗಿ ಹೊಳೀತಿದೆ ಅನ್ನುವ ಮುಂಚೆ ಇದನ್ನು ಕೇಳಿ: ಯಾವ ಪ್ರತಿಯಿಂದ ಮಾಡಿದ್ದು, ಯಾರು ಮಾಡಿದ್ದು, ಆ ಮೂಲ ಪ್ರತಿ ಈಗ ಎಲ್ಲಿದೆ?